ಕಾವಲು ನಾಯಿ ಕಚ್ಚಿದರೆ ಹೊಣೆ ಯಾರದು?



ಸುಗ್ಗಿ ಬಂತೆಂದರೆ ಕಮತಗಿಯ ಸುತ್ತಲಿನ ಕಣಗಳಲ್ಲಿ ಜೋಳದ ರಾಶಿ, ಕಡಲೆಯ ಚೀಲ. ಊರೊಳಗೆ ನೇಕಾರರ ಮನೆಗಳಲ್ಲಿ ಮಗ್ಗದ ಮೇಲೆ ಸೀರೆ. ಇವನ್ನೆಲ್ಲ ಕಾಯಲು ಬಾಗಿಲಲ್ಲೊಂದು ನಾಯಿ ಇದ್ದರೆ ಕಣ್ತುಂಬ ನಿದ್ದೆ. ಒಂದು ರಾತ್ರಿ ಆ ನಾಯಿ ಒಳಗೆ ನುಗ್ಗಿದವನ ಕಾಲು ಹಿಡಿಯಿತೆನ್ನಿ. “ಕಳವಿಗೆ ಬಂದವಗ ನಾಯಿ ಕಚ್ಚಿದ್ರ ನಂದೇನ್ರಿ ತಪ್ಪು?” ಎಂದು ಕೇಳುವಿರಿ. ಕೇಳುವುದು ನ್ಯಾಯವೇ. ಆದರೆ ಉತ್ತರ ಒಂದೇ ಮಾತಿನದಲ್ಲ.

ತನ್ನ ಜೀವ, ತನ್ನ ಸೊತ್ತು ಕಾಪಾಡಿಕೊಳ್ಳುವ ಹಕ್ಕನ್ನು ಕಾಯಿದೆಯೇ ಕೊಟ್ಟಿದೆ. 1860ರ ದಂಡ ಸಂಹಿತೆಯಲ್ಲಿ ಅದು ಇತ್ತು; 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34 ಮತ್ತು 35ನೆಯ ಕಲಮುಗಳಲ್ಲಿಯೂ ಇದೆ. ಆದುದರಿಂದ ನಿಮ್ಮ ಅಂಗಳದ ನಾಯಿ ಕಳ್ಳನನ್ನು ಕಚ್ಚಿದ ಮಾತ್ರಕ್ಕೆ ನೀವು ಅಪರಾಧಿಯಾಗುವುದಿಲ್ಲ.

ಆದರೆ ಹೊಲಕ್ಕೆ ಬದು ಇದ್ದಂತೆ ಈ ಹಕ್ಕಿಗೂ ಬದು ಇದೆ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಪೆಟ್ಟು ಮಾಡಕೂಡದೆಂದು 37ನೆಯ ಕಲಮು ಹೇಳುತ್ತದೆ. ಕಳ್ಳ ಚೀಲ ಹೊತ್ತು ಓಡುವಾಗ ನಾಯಿ ಬೆನ್ನಟ್ಟಿತು, ಸರಿ. ಅವನು ಚೀಲ ಚೆಲ್ಲಿ ಕೈಮುಗಿದು ಕುಳಿತ ಮೇಲೂ ನೀವು “ಛೂ, ಹಿಡಿ” ಎಂದರೆ ಅದು ರಕ್ಷಣೆಯಲ್ಲ, ಸೇಡು. ಬೇಕೆಂದೇ ಪ್ರಾಣಿಯಿಂದ ಗಾಯ ಮಾಡಿಸುವುದನ್ನು 118ನೆಯ ಕಲಮು ಚೂರಿ, ಬಂದೂಕಿನ ಸಾಲಿನಲ್ಲಿಯೇ ಇಟ್ಟಿದೆ. ಅದಕ್ಕೆ 3 ವರ್ಷದವರೆಗೆ ಸೆರೆ, ಇಲ್ಲವೆ 20,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಗಾಯ ಭಾರಿಯಾದರೆ ಶಿಕ್ಷೆಯೂ ಭಾರಿ.

ಇನ್ನೊಂದು ಮಾತು. ಒಳಗೆ ಬಂದವರೆಲ್ಲ ಕಳ್ಳರಲ್ಲ. ಅಂಚೆಯವ ಬರುತ್ತಾನೆ, ಮೀಟರ್ ನೋಡುವವ ಬರುತ್ತಾನೆ, ತಪ್ಪಿಸಿಕೊಂಡ ಆಡು ಹುಡುಕುತ್ತ ನೆರೆಮನೆಯ ಹುಡುಗ ಬರುತ್ತಾನೆ. ನಮ್ಮ ಜಿಲ್ಲೆಯ ಹೆಸರಾದ ಮುಧೋಳ ನಾಯಿ ಬೇಟೆಯ ತಳಿ. ಓಡುವುದನ್ನು ಕಂಡರೆ ಬೆನ್ನಟ್ಟುವುದು ಅದರ ಹುಟ್ಟುಗುಣ. ಹುಡುಗ ಯಾರು, ಕಳ್ಳ ಯಾರು ಎಂಬುದು ನಾಯಿಗೆ ತಿಳಿಯದು, ನಿಮಗೆ ತಿಳಿದಿರಬೇಕು. ಸಾಕಿದ ಪ್ರಾಣಿಯಿಂದ ಜೀವಕ್ಕೆ ಅಥವಾ ಭಾರಿ ಗಾಯಕ್ಕೆ ಆಸ್ಪದವಿದ್ದೂ ತಕ್ಕ ಎಚ್ಚರ ವಹಿಸದವನಿಗೆ 291ನೆಯ ಕಲಮಿನಂತೆ 6 ತಿಂಗಳವರೆಗೆ ಸೆರೆ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಕಚ್ಚಿಸಿಕೊಂಡವರು ನಷ್ಟ ತುಂಬಿಕೊಡೆಂದು ದಿವಾಣಿ ಕೋರ್ಟಿಗೂ ಹೋಗಬಹುದು. ನಾಯಿ ಮೊದಲೇ ಒಬ್ಬರನ್ನು ಕಚ್ಚಿದ್ದು ನಿಮಗೆ ಗೊತ್ತಿದ್ದರೆ ನಿಮ್ಮ ಹೊಣೆ ಹೆಚ್ಚುತ್ತದೆ.

ಎಚ್ಚರಿಕೆಯ ಫಲಕದ ಬೆಲೆ ಎಷ್ಟೆಂಬುದಕ್ಕೆ ದೂರದ ಒಂದು ಖಟ್ಲೆ ಕೇಳಿರಿ. 1971ರಲ್ಲಿ ಲಂಡನ್ನಿನ ಒಂದು ಗುಜರಿ ಅಂಗಳದೊಳಗೆ ರಾತ್ರಿ ಹೋದ ಹೆಂಗಸನ್ನು ಕಾವಲು ನಾಯಿ ಕಚ್ಚಿತು. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ‘ನಾಯಿ ಇದೆ’ ಎಂದು ಬರೆದಿತ್ತು. ಆಕೆಗೂ ನಾಯಿಯಿರುವುದು ಗೊತ್ತಿತ್ತು. ಒಡೆಯನ ಹೊಣೆಯಿಲ್ಲವೆಂದು 1976ರಲ್ಲಿ ಮೇಲಿನ ಕೋರ್ಟು ತೀರ್ಪಿತ್ತಿತು. ಅಷ್ಟರಲ್ಲಿ ಆ ದೇಶವು, ನೋಡಿಕೊಳ್ಳುವವನಿಲ್ಲದೆ ಕಾವಲು ನಾಯಿಯನ್ನು ಬಿಚ್ಚಿಬಿಡಕೂಡದೆಂದು 1975ರಲ್ಲಿ ಕಾಯಿದೆಯನ್ನೂ ಮಾಡಿತ್ತು.

ಹಾಗಾದರೆ ನೀವು ಮಾಡಬೇಕಾದದ್ದೇನು? ಹಗಲು ನಾಯಿಯನ್ನು ಕಟ್ಟಿರಿ. ರಾತ್ರಿ ಬೇಲಿಯೊಳಗೆ ಮಾತ್ರ ಬಿಡಿರಿ, ಅಗಸಿ ಭದ್ರವಿರಲಿ. ‘ನಾಯಿ ಇದೆ, ಎಚ್ಚರಿಕೆ’ ಎಂದು ಬರೆಸಿ, ಓದು ಬಾರದವರಿಗಾಗಿ ನಾಯಿಯ ಚಿತ್ರವನ್ನೂ ಬಿಡಿಸಿರಿ. ಪಶುವೈದ್ಯರು ಹೇಳಿದ ವೇಳೆಗೆ ಹುಚ್ಚುರೋಗದ ಲಸಿಕೆ ಹಾಕಿಸಿ ಚೀಟಿ ಜೋಪಾನ ಮಾಡಿರಿ. ನಾಳೆ ಅದೇ ನಿಮ್ಮ ಸಾಕ್ಷಿ.

ಕಚ್ಚಿಯೇ ಬಿಟ್ಟರೆ, ಕಳ್ಳನಾಗಲಿ ನೆಂಟನಾಗಲಿ, ಗಾಯವನ್ನು ಸಾಬೂನು ಹಚ್ಚಿ ಸುರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದಪುಡಿ ಮೆತ್ತಬೇಡಿರಿ. ತಡಮಾಡದೆ ದವಾಖಾನೆಗೆ ಕಳಿಸಿರಿ, ಠಾಣೆಗೂ ತಿಳಿಸಿರಿ. ಹುಚ್ಚುರೋಗದ ಲಕ್ಷಣ ಒಮ್ಮೆ ಕಂಡಿತೆಂದರೆ ಬದುಕುವ ಆಸೆ ಇಲ್ಲವೆಂದೇ ತಿಳಿಯಿರಿ. ಒಂದು ಚೀಲ ಜೋಳಕ್ಕಾಗಿ ಒಬ್ಬನ ಜೀವ ಹೋಗುವುದು ಬೇಡ.

ನಾಯಿ ನಿಮ್ಮ ಮನೆ ಕಾಯಲಿ, ನಾಯಿಯನ್ನು ನೀವು ಕಾಯಿರಿ.