ಮದುಮಗನ ಸೂಟು: ಹೊಲಿಸುವ ಮೊದಲು

ವೈಶಾಖ, ಜ್ಯೇಷ್ಠಗಳ ಮುಹೂರ್ತಗಳು ಸಮೀಪಿಸಿದವೆಂದರೆ ನಮ್ಮ ವಾಚನಾಲಯಕ್ಕೆ ಬರುವ ತರುಣರಲ್ಲಿ ಒಬ್ಬರಾದರೂ ಕೇಳುವ ಪ್ರಶ್ನೆಯೊಂದುಂಟು: ಮದುವೆಯ ಸೂಟನ್ನು ಎಲ್ಲಿ ಹೊಲಿಸಬೇಕು, ಎಷ್ಟು ಖರ್ಚಾದೀತು? ಅಂಗಡಿಗಳ ಹೆಸರು ಹೇಳುವುದು ನಮ್ಮ ಕೆಲಸವಲ್ಲ. ಆದರೆ ಸೂಟು ಹೇಗೆ ತಯಾರಾಗುತ್ತದೆ, ಕೊಟ್ಟ ಹಣ ಅದರಲ್ಲಿ ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದನ್ನು ಬಲ್ಲವನು ಮೋಸಹೋಗುವುದು ಕಡಿಮೆ. ಬರುವ ಸಂಬಳದಲ್ಲಿ ಊರಿಗೂ ಕಳಿಸಿ ಇಲ್ಲಿಯ ಬಾಡಿಗೆಯನ್ನೂ ಕೊಡುವವರಿಗೆ ಇದು ಸಣ್ಣ ಮಾತಲ್ಲ.

ನಮ್ಮವರ ಮದುವೆಯಲ್ಲಿ ಧಾರೆಗೆ ಪಂಚೆ, ಶಲ್ಯ, ಬಾಸಿಂಗಗಳೇ. ಸೂಟು ಬಂದದ್ದು ಆರತಕ್ಷತೆಯ ಜೊತೆಗೆ. ಆದರೆ ಹೈದರಾಬಾದಿನ ಕನ್ನಡಿಗರಿಗೆ ಹೊಲಿಸಿ ತೊಡುವ ಉದ್ದನೆಯ ಕೋಟು ಹೊಸದೇನೂ ಅಲ್ಲ. ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಈ ಊರೇ ಅವುಗಳ ರಾಜಧಾನಿಯಾಗಿತ್ತು. ನಿಜಾಮರ ಕಾಲದಲ್ಲಿ ಶೇರ್ವಾನಿಯು ಒಂದು ಮತದವರ ಉಡುಪಾಗಿರದೆ ಕಚೇರಿ, ಕಾಲೇಜುಗಳ ಉಡುಪಾಗಿತ್ತು. ಆ ಕಡೆಯ ಎಷ್ಟೋ ಮನೆಗಳ ಹಳೆಯ ಪಟಗಳಲ್ಲಿ ಅಜ್ಜಂದಿರು ಶೇರ್ವಾನಿಯಲ್ಲೇ ನಿಂತಿದ್ದಾರೆ. ಭಾರತ ಸರಕಾರವು 1995ರಲ್ಲಿ ಕೊಂಡ ನಿಜಾಮರ 173 ಆಭರಣಗಳಲ್ಲಿ ಗುಂಡಿಗಳೂ ಇವೆ! ನಮ್ಮ ವರನಿಗೆ ಅಷ್ಟು ಬೇಡ. ಇಂದಿಗೂ ಚಾರ್‌ಮಿನಾರದ ಬಳಿಯ ಪತ್ಥರ್‌ಗಟ್ಟಿಯಲ್ಲಿ ಶೇರ್ವಾನಿಯ ಅಂಗಡಿಗಳಿವೆ. ಸಿಕಂದರಾಬಾದಿನ ಜನರಲ್ ಬಜಾರಿನಲ್ಲಿ ಬಟ್ಟೆಯ ಅಂಗಡಿಗಳ ಸಾಲೇ ಇದೆ.

ಮೊದಲು ಬಟ್ಟೆ. 58 ಅಂಗುಲ ಪನ್ನದ ಬಟ್ಟೆಯಾದರೆ, ಸಾಧಾರಣ ಮೈಕಟ್ಟಿನವನ ಕೋಟಿಗೆ ಸುಮಾರು 2 ಮೀಟರು, ಪ್ಯಾಂಟಿಗೆ ಒಂದೂಕಾಲು ಮೀಟರು ಬೇಕು. (ಬಟ್ಟೆ ಮೀಟರಿಗೆ ಬಂದು ಎಷ್ಟೋ ವರ್ಷವಾಯಿತು, ದರ್ಜಿಯ ಟೇಪು ಮಾತ್ರ ಅಂಗುಲವನ್ನು ಬಿಟ್ಟಿಲ್ಲ.) ಥಾನಿನ ಅಂಚಿನಲ್ಲಿ ಸೂಪರ್ 100, ಸೂಪರ್ 120 ಎಂದು ಅಚ್ಚಾಗಿರುವುದನ್ನು ಅಂಗಡಿಯವರು ತೋರಿಸುತ್ತಾರೆ. ಅದು ಉಣ್ಣೆಯ ಎಳೆ ಎಷ್ಟು ನವಿರು ಎಂಬುದರ ಲೆಕ್ಕ. ಸಂಖ್ಯೆ ಏರಿದಷ್ಟೂ ಬಟ್ಟೆ ನಯ, ಬೆಲೆ ಹೆಚ್ಚು. ಬಾಳಿಕೆ ಹೆಚ್ಚೆಂದು ಮಾತ್ರ ತಿಳಿಯಬಾರದು. ತೀರ ನವಿರಾದ ಬಟ್ಟೆ ಬೇಗ ಸವೆಯುತ್ತದೆ. ಅಗ್ಗದ ಪಾಲಿಯೆಸ್ಟರ್ ಬಟ್ಟೆ ದೀಪದ ಬೆಳಕಿನಲ್ಲಿ ಮಿನುಗುತ್ತದೆ, ಆದರೆ ಮೈಯ ಬೆವರನ್ನು ಹೊರಗೆ ಬಿಡದು. ಮೇ ತಿಂಗಳಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ದಾಟುವುದುಂಟು. ವೇದಿಕೆಯ ಮೇಲೆ ಎರಡು ಗಂಟೆ ನಿಲ್ಲಬೇಕಾದವನು ಇದನ್ನು ಮೊದಲು ನೆನೆಯಬೇಕು. ತೆಳು ಉಣ್ಣೆಯೋ ಉಣ್ಣೆ ಬೆರೆತ ಬಟ್ಟೆಯೋ ಮೇಲು. ಬೆನ್ನಿಗೆ ಪೂರ್ತಿ ಅಸ್ತರ್ ಹಾಕಿಸದೆ ಹೆಗಲಿನ ಭಾಗಕ್ಕೆ ಮಾತ್ರ ಹಾಕಿಸಿದರೆ ಗಾಳಿಯಾಡುತ್ತದೆ.

ಕೋಟಿನ ಬೆಲೆಯ ಗುಟ್ಟು ಕಣ್ಣಿಗೆ ಕಾಣದ ಕಡೆಯಲ್ಲಿದೆ. ಎದೆಯ ಭಾಗ ಬಿಗಿಯಾಗಿ, ಅಂದವಾಗಿ ನಿಲ್ಲಬೇಕಾದರೆ ಮೇಲಿನ ಬಟ್ಟೆಗೂ ಅಸ್ತರಿಗೂ ನಡುವೆ ಇನ್ನೊಂದು ಪದರ ಬೇಕು. ಹಳೆಯ ಪದ್ಧತಿಯಲ್ಲಿ ಅದು ಕ್ಯಾನ್ವಾಸು. ಅದನ್ನು ಕೈಯಿಂದ ಸಾವಿರಾರು ಸಣ್ಣ ಹೊಲಿಗೆ ಹಾಕಿ ಕೂಡಿಸುತ್ತಾರೆ. ಅದು ದಿನ ಕಳೆದಂತೆ ತೊಡುವವನ ಮೈಗೆ ಒಗ್ಗುತ್ತದೆ. ಈಗ ಹೆಚ್ಚು ನಡೆಯುವುದು ಫ್ಯೂಸಿಂಗ್, ಅಂದರೆ ಅಂಟಿನ ಬಟ್ಟೆಯನ್ನು ಕಾವು ಕೊಟ್ಟು ಅಂಟಿಸುವುದು. ಬೇಗ ಆಗುತ್ತದೆ, ಅಗ್ಗ. ಆದರೆ ಅಂಟು ಬಿಟ್ಟರೆ ಎದೆಯ ಮೇಲೆ ಗುಳ್ಳೆ ಏಳುತ್ತದೆ, ಅದಕ್ಕೆ ಔಷಧವಿಲ್ಲ. ಕೆಳಗಿನ ಕಾಜದ ಹತ್ತಿರ ಎರಡೂ ಕಡೆಯ ಬಟ್ಟೆಯನ್ನು ಬೆರಳಿನಿಂದ ಹಿಡಿದು ಎಳೆದು ನೋಡಿ. ನಡುವೆ ಮೂರನೆಯ ಪದರ ಸಡಿಲವಾಗಿ ಸಿಕ್ಕಿದರೆ ಕ್ಯಾನ್ವಾಸು. ಫ್ಯೂಸಿಂಗ್ ಬೇಡವೆಂದು ನಾವು ಹೇಳುವುದಿಲ್ಲ. ಕ್ಯಾನ್ವಾಸಿನ ಕೂಲಿ ತೆತ್ತು ಫ್ಯೂಸಿಂಗ್ ತರಬೇಡಿರೆಂದಷ್ಟೇ ಹೇಳುತ್ತೇವೆ.

ಅಳತೆ ತೆಗೆದುಕೊಂಡು ಕತ್ತರಿಸುವವರು ಮಾಸ್ತರು. ಹೊಲಿಯುವವರು ಒಳಗಿನ ಗಲ್ಲಿಗಳಲ್ಲಿ ಕುಳಿತ ಕಾರೀಗರರು. ಇವರಲ್ಲಿ ಬಹಳ ಮಂದಿ ನಮ್ಮಂತೆಯೇ ಹೊರಗಿನಿಂದ ಬಂದವರು, ನಗದ ಲೆಕ್ಕದಲ್ಲಿ ಕೂಲಿ ಪಡೆಯುವವರು. ಅವಸರದ ಕೆಲಸದಲ್ಲಿ ಮೊದಲು ಹೋಗುವುದು ಅವರ ನಿದ್ದೆ, ಆಮೇಲೆ ನಿಮ್ಮ ಹೊಲಿಗೆ. ಆದ್ದರಿಂದ ಎರಡು ತಿಂಗಳು ಮುಂಚೆ ಬಟ್ಟೆ ಕೊಡುವುದು ಇಬ್ಬರಿಗೂ ಹಿತ. ಈ ಊರಿನಲ್ಲಿ ಇನ್ನೊಂದು ಲೆಕ್ಕವೂ ಇದೆ. ರಂಜಾನಿನ ಕೊನೆಯ ವಾರಗಳಲ್ಲಿ ಈದಿನ ಬಟ್ಟೆಗಳಿಂದ ದರ್ಜಿಗಳಿಗೆ ಉಸಿರಾಡಲು ಪುರುಸೊತ್ತಿಲ್ಲ. ರಂಜಾನ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುವುದರಿಂದ ಪಂಚಾಂಗದ ಜೊತೆಗೆ ಆ ತಿಂಗಳನ್ನೂ ನೋಡಿಕೊಳ್ಳಬೇಕು. ಆಷಾಢದಲ್ಲಿ ನಮ್ಮ ಕಡೆಯ ಮದುವೆಗಳಿಲ್ಲ. ಶ್ರಾವಣದ ವರ ಆಗಲೇ ಹೊಲಿಸಿಕೊಳ್ಳಬಹುದು.

ಹೇಳಿ ಹೊಲಿಸುವುದಕ್ಕೂ ಸಿದ್ಧ ಉಡುಪಿಗೂ ಇರುವ ನಿಜವಾದ ಅಂತರ ಕಚ್ಚಾ ಹೊಲಿಗೆಯ ಟ್ರಯಲ್. ಅದಿಲ್ಲದಿದ್ದರೆ ಹೊಲಿಸಿ ಪ್ರಯೋಜನವಿಲ್ಲ. ಆ ದಿನ ತೊಡುವ ಷರಟು, ಬೂಟುಗಳನ್ನು ಹಾಕಿಕೊಂಡೇ ಹೋಗಬೇಕು. ಸುಮ್ಮನೆ ಕನ್ನಡಿಯ ಮುಂದೆ ಸೆಟೆದು ನಿಂತರೆ ಸಾಲದು: ಹಾರ ಹಾಕುವಂತೆ ಕೈ ಎತ್ತಿ, ಹಿರಿಯರಿಗೆ ನಮಸ್ಕರಿಸುವಂತೆ ಬಗ್ಗಿ, ಕುರ್ಚಿಯ ಮೇಲೆ ಕುಳಿತು ನೋಡಿ. ಕೋಟಿನ ಕಾಲರು ಷರಟಿನ ಕಾಲರಿನಿಂದ ದೂರ ನಿಲ್ಲಬಾರದು. ಗುಂಡಿ ಹಾಕಿದಾಗ ಹೊಟ್ಟೆಯ ಮೇಲೆ ಗೆರೆಗಳು ಎಳೆಯಬಾರದು. ಶೇರ್ವಾನಿಯಾದರೆ ಕತ್ತುಪಟ್ಟಿಯೊಳಗೆ ಒಂದು ಬೆರಳು ಆಡಬೇಕು. ಎಲ್ಲಕ್ಕಿಂತ ಮಿಗಿಲಾಗಿ ಹೆಗಲನ್ನು ನೋಡಿ. ಸೊಂಟವನ್ನೂ ತೋಳಿನ ಉದ್ದವನ್ನೂ ಆಮೇಲೆ ತಿದ್ದಬಹುದು, ಹೆಗಲು ಕೆಟ್ಟರೆ ಕೋಟು ಕೆಟ್ಟಂತೆಯೇ. ಹೊಲಿಗೆಯ ಒಳಗೆ ಪ್ಯಾಂಟಿನ ಸೊಂಟಕ್ಕೆ ಎರಡು ಅಂಗುಲ, ಕೋಟಿನ ಪಕ್ಕಗಳಲ್ಲಿ ಒಂದೊಂದು ಅಂಗುಲ ಬಟ್ಟೆ ಬಿಡಲು ಹೇಳಿ. ಮದುವೆಯಾದ ಮೇಲೆ ಮೈ ತುಂಬಿಕೊಳ್ಳುವುದು ಲೋಕರೂಢಿ. ಆ ಒಳಗಿನ ಬಟ್ಟೆಯಿಂದಲೇ ಒಂದು ಸೂಟು ಹತ್ತು ವರ್ಷ ನಡೆಯುತ್ತದೆ.

ಜರಿಯ ಕಸೂತಿ ತುಂಬಿದ ಶೇರ್ವಾನಿಯನ್ನು ಒಂದು ಸಂಜೆಗಾಗಿ ಹೊಲಿಸುವುದಕ್ಕಿಂತ ಬಾಡಿಗೆಗೆ ತರುವುದೇ ಜಾಣತನವೆಂದು ನಮ್ಮ ಅಭಿಪ್ರಾಯ. ಹೊಲಿಸುವುದಾದರೆ ಗಾಢ ನೀಲಿಯ ಅಥವಾ ಬೂದು ಬಣ್ಣದ ಸಾದಾ ಸೂಟು, ಇಲ್ಲವೇ ಬಂದ್‌ಗಲಾ ಕೋಟು. ನಾಳೆ ಕಚೇರಿಗೂ ಸಂದರ್ಶನಕ್ಕೂ ಬಂದೀತು.

ವರನ ಗೆಳೆಯರೆಲ್ಲ ಒಂದೇ ಬಣ್ಣ ತೊಡುವ ಶೋಕಿ ಈಚೆಗೆ ಹೆಚ್ಚಿದೆ. ಆರು ಜನಕ್ಕೆ ಆರು ಸೂಟೆಂದರೆ ಯಾರೋ ಒಬ್ಬರು ಸಾಲ ಮಾಡುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ. ಬಿಳಿಯ ಜುಬ್ಬದ ಮೇಲೆ ಒಂದೇ ಬಟ್ಟೆಯ ಜಾಕೀಟು ಸಾಕು. ಒಬ್ಬೊಬ್ಬರಿಗೆ ಒಂದು ಮೀಟರಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಬಟ್ಟೆಯನ್ನು ಒಂದೇ ಥಾನಿನಿಂದ, ಒಂದೇ ಸಲ ಕತ್ತರಿಸಿ ಕೊಳ್ಳಬೇಕು. ಬೇರೆ ಬೇರೆ ಸಲ ಬಣ್ಣ ಹಾಕಿದ ಥಾನುಗಳು ಅಂಗಡಿಯಲ್ಲಿ ಒಂದೇ ಎಂದು ಕಂಡರೂ ಪಟದಲ್ಲಿ ಬೇರೆಯಾಗಿ ಬೀಳುತ್ತವೆ.

ಸೂಟಿನ ಬಾಬ್ತೆಂದು ಹುಡುಗಿಯ ತಂದೆಯಿಂದ ಹಣ ಕೇಳುವ ರೂಢಿ ಇನ್ನೂ ಅಲ್ಲಲ್ಲಿ ಉಳಿದಿದೆ. ಮಾತುಕತೆಯಲ್ಲಿ ಅದನ್ನು ವರೋಪಚಾರವೆಂದು ಕರೆದರೂ, 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಮುಂದೆ ಬಾಯಿಬಿಟ್ಟು ಕೇಳುವುದೇ ಅಪರಾಧ. ಆರು ತಿಂಗಳಿನಿಂದ ಎರಡು ವರ್ಷದವರೆಗೆ ಸೆರೆವಾಸವಿದೆ. ತನ್ನ ಸಂಪಾದನೆಯ ಸಾದಾ ಕೋಟಿನಲ್ಲಿ ನಿಂತ ವರನನ್ನು ಯಾವ ಬೀಗರೂ ಕೀಳಾಗಿ ಕಂಡುದನ್ನು ನಾವು ನೋಡಿಲ್ಲ.

ಮುಂಗಡ ಕೊಟ್ಟಾಗ ರಸೀದಿ ಪಡೆಯಿರಿ. ಅದರಲ್ಲಿ ಬಟ್ಟೆ ಎಷ್ಟು ಮೀಟರು, ಟ್ರಯಲ್ ಎಂದು, ಕೊಡುವುದು ಎಂದು, ಒಳಗೆ ಕ್ಯಾನ್ವಾಸೋ ಫ್ಯೂಸಿಂಗೋ ಎಲ್ಲವನ್ನೂ ಬರೆಸಿ. ಹಣ ಪಡೆದು ಹೊಲಿದುಕೊಡುವುದೂ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಒಂದು ಸೇವೆ. 5 ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಜಿಲ್ಲಾ ಆಯೋಗದಲ್ಲಿ ದೂರು ಸಲ್ಲಿಸಲು ಶುಲ್ಕವಿಲ್ಲ. ಆದರೆ ಬರಹದ ಚೀಟಿ ಇಲ್ಲದವನ ಮಾತು ಅಲ್ಲಿ ನಿಲ್ಲುವುದು ಕಷ್ಟ.

ಸೂಟನ್ನು ಮನೆಗೆ ತರುವಾಗ ಉಳಿದ ಬಟ್ಟೆಯ ತುಂಡುಗಳನ್ನೂ ಎರಡು ಹೆಚ್ಚಿನ ಗುಂಡಿಗಳನ್ನೂ ಕೇಳಿ ತೆಗೆದುಕೊಳ್ಳಿರಿ. ಎಂದಾದರೂ ಕಿಡಿ ತಾಗಿಯೋ ಮೊಳೆ ಸಿಕ್ಕಿಯೋ ತೂತಾದರೆ, ಆ ತುಂಡಿನ ಎಳೆಗಳನ್ನೇ ಬಿಡಿಸಿ ಗುರುತು ಸಿಗದಂತೆ ಹೆಣೆದುಕೊಡುವ ರಫೂಗಾರರು ಈ ಊರಿನಲ್ಲಿ ಇನ್ನೂ ಇದ್ದಾರೆ.