ನಂಬರ್ 722: ಸಾವಿರ ಮೈಲಿ ರೇಸ್ ಬಿಟ್ಟು ಹೋಗಿದ್ದೇನು?

ಹೊಳೆನರಸೀಪುರ, ಅರಕಲಗೂಡು ರೋಡಲ್ಲಿ ಸ್ಪೀಡೋಮೀಟರ್ ತೋರಿಸಿ ರೀಲ್ಸ್ ಮಾಡೋರನ್ನ ನೀವೂ ನೋಡಿರ್ತೀರ. ಇವತ್ತು, ಜನ ಓಡಾಡೋ ರಸ್ತೇಲೇ ಸ್ಪೋರ್ಟ್ಸ್ ಕಾರ್ ರೇಸ್ ನಡೆಸಿದ ಇಟಲಿಯ ಕಥೆ.

ಮಿಲ್ಲೆ ಮಿಲಿಯಾ, ಅಂದ್ರೆ ಸಾವಿರ ಮೈಲಿ. 1927ರಲ್ಲಿ ಶುರುವಾಯ್ತು. ಬ್ರೆಶಿಯಾದಿಂದ ರೋಮ್‌ಗೆ ಹೋಗಿ ವಾಪಸ್, ಸುಮಾರು 1,600 ಕಿ.ಮೀ.

1955ರಲ್ಲಿ ಸ್ಟರ್ಲಿಂಗ್ ಮಾಸ್ ಇದನ್ನ 10 ಗಂಟೆ 7 ನಿಮಿಷದಲ್ಲಿ ಮುಗಿಸಿದ್ರು. ಸರಾಸರಿ ವೇಗ ಗಂಟೆಗೆ 157 ಕಿ.ಮೀ. ನಾನು ಲೆಕ್ಕ ಹಾಕ್ದೆ: ಆ ಸ್ಪೀಡಲ್ಲಿ ಹಾಸನದಿಂದ ಚನ್ನರಾಯಪಟ್ಟಣ ಹೆಚ್ಚುಕಮ್ಮಿ 15 ನಿಮಿಷ! ಬೆಳಿಗ್ಗೆ 7.22ಕ್ಕೆ ಹೊರಟಿದ್ದಕ್ಕೆ ಅವರ ಮರ್ಸಿಡಿಸ್ ನಂಬರ್ 722. ಪಕ್ಕದಲ್ಲಿದ್ದ ಪತ್ರಕರ್ತ ಡೆನಿಸ್ ಜೆಂಕಿನ್ಸನ್, ತಿರುವುಗಳನ್ನೆಲ್ಲ ಮೊದಲೇ ಕಾಗದದ ಸುರುಳಿಯಲ್ಲಿ ಬರ್ಕೊಂಡು ಕೈಸನ್ನೆಯಲ್ಲಿ ಹೇಳ್ತಿದ್ರು. ನಮ್ಮ ಪಕ್ಕದ ಚಿಕ್ಕಮಗಳೂರಿನ ಕಾಫಿ ತೋಟದ ರ‍್ಯಾಲಿಗಳಲ್ಲಿ ಕೋ-ಡ್ರೈವರ್ ಓದೋ ಪೇಸ್ ನೋಟ್ಸ್ ಕೂಡ ಇದೇ ಪದ್ಧತಿ.

1957ರಲ್ಲಿ ಒಂದು ಫೆರಾರಿ ಟೈರ್ ಒಡೆದು ಜನರ ಮೇಲೆ ನುಗ್ತು. ಕಾರಲ್ಲಿದ್ದ ಇಬ್ಬರ ಜೊತೆ, ನೋಡೋಕೆ ನಿಂತಿದ್ದ 9 ಜನ ಸತ್ರು; ಅದರಲ್ಲಿ 5 ಮಕ್ಕಳು. ಆ ವೇಗದ ರೇಸ್ ಅಲ್ಲಿಗೇ ಮುಗೀತು. 1977ರಿಂದ ಹಳೇ ಕಾರುಗಳು ಅದೇ ಹೆಸರಲ್ಲಿ ಓಡ್ತಿವೆ. ಆದ್ರೆ ಈಗ ಗೆಲ್ಲೋದು ವೇಗವಲ್ಲ, ನಿಗದಿತ ಸಮಯ ಪಾಲಿಸೋದು.

ಮಾಸ್ ಹತ್ರ ತಿರುವುಗಳ ಪಟ್ಟಿ ಇತ್ತು. ಡೇರಿಗೆ ಹಾಲು ಹಾಕಿ ರಸ್ತೆ ದಾಟೋ ನಮ್ಮೂರ ಅಜ್ಜಿ ಯಾವ ಪಟ್ಟೀಲೂ ಇರಲ್ಲ.