ಗ್ಯಾಲಕ್ಸಿ ಎಲ್ಲರದ್ದು, ಕ್ಯಾಪ್ಟನ್ ಕುರ್ಚಿ ಮಾತ್ರ ಮನುಷ್ಯರದ್ದು!

(ಇದು ನಮ್ಮ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗ್ಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದೆ.)

ಇವತ್ತಿನ ವಿಷಯ ನನ್ನದಲ್ಲ, ಒಬ್ಬ ಕೇಳುಗರು ಕಳ್ಸಿದ ವಾಯ್ಸ್ ನೋಟ್‌ನಿಂದ ಬಂದದ್ದು. ಅವರು ಮೊದಲ ಸಲ ಸ್ಟಾರ್ ಟ್ರೆಕ್ ನೋಡೋಕೆ ಶುರು ಮಾಡಿದಾರೆ. ಕೇಳಿದ್ದು ಇಷ್ಟೇ: "150 ಗ್ರಹ ಸೇರಿ ಮಾಡ್ಕೊಂಡಿರೋ ಒಕ್ಕೂಟ ಅಂತಾರೆ. ಹಡಗಿನ ಒಳಗೆ ನೋಡಿದ್ರೆ ಎಲ್ಲಾ ನಮ್ಮ ಥರದವರೇ. ಬಾಕಿ 149 ಗ್ರಹದವರು ಎಲ್ಲಿ ಹೋದ್ರು?"

ನಗು ಬಂತು. ಆಮೇಲೆ ಎರಡು ದಿನ ಅದೇ ತಲೇಲಿ ಓಡ್ತಾ ಇತ್ತು.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಸ್ಟಾರ್ ಟ್ರೆಕ್ 1966ರಲ್ಲಿ ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ ಶುರುವಾದ ಧಾರಾವಾಹಿ. ಕಲ್ಪನೆ ಜೀನ್ ರಾಡನ್‌ಬೆರಿ ಅವರದ್ದು. ಇದರಲ್ಲಿ ಬರೋ ಒಕ್ಕೂಟದ ಹೆಸರು ಯುನೈಟೆಡ್ ಫೆಡರೇಷನ್ ಆಫ್ ಪ್ಲಾನೆಟ್ಸ್. ಕಥೆಯ ಲೆಕ್ಕದಲ್ಲಿ ಅದು ಹುಟ್ಟಿದ್ದು 2161ರಲ್ಲಿ. ಸ್ಥಾಪಕರು ನಾಲ್ಕು ಜನಾಂಗ: ಮನುಷ್ಯರು, ವಲ್ಕನ್‌ಗಳು, ನೀಲಿ ಚರ್ಮದ ಆಂಡೋರಿಯನ್‌ಗಳು, ಜಗಳಗಂಟ ಟೆಲ್ಲರೈಟ್‌ಗಳು. ಕಾಗದದ ಮೇಲೆ ನಾಲ್ಕೂ ಸಮ. ಈಗ ಅಡ್ರೆಸ್ ನೋಡಿ. ಸ್ಟಾರ್‌ಫ್ಲೀಟ್‌ನ ಹೆಡ್ ಆಫೀಸ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಅಧ್ಯಕ್ಷರ ಕಚೇರಿ ಪ್ಯಾರಿಸ್‌ನಲ್ಲಿ. ಹಡಗುಗಳ ಹೆಸರು ಎಂಟರ್‌ಪ್ರೈಸ್, ಲೆಕ್ಸಿಂಗ್ಟನ್, ಹುಡ್, ಯಮಾಟೊ. ಎಲ್ಲಾ ಭೂಮಿಯ ನೌಕಾಪಡೆಗಳ ಹಳೇ ಹಡಗಿನ ಹೆಸರುಗಳೇ. ಮದುವೆಗೆ ಊರಿಗೆ ಊರನ್ನೇ ಕರೆದಿದಾರೆ, ಆದ್ರೆ ಛತ್ರ ನಮ್ಮದು, ಮೆನು ನಮ್ಮದು, ಓಲಗದವರೂ ನಮ್ಮವರೇ!

ಇದಕ್ಕೆ ಸಾಮಾನ್ಯವಾಗಿ ಸಿಗೋ ಉತ್ತರ ದುಡ್ಡು. ಅದು ಸುಳ್ಳಲ್ಲ. ಏಲಿಯನ್ ಅಂದ್ರೆ ಮೇಕಪ್, ಮೇಕಪ್ ಅಂದ್ರೆ ನಟರನ್ನ ಬೆಳಗಿನ ಜಾವಕ್ಕೆ ಎಬ್ಬಿಸಿ ಗಂಟೆಗಟ್ಟಲೆ ಕೂರಿಸೋದು. ವಾರಕ್ಕೊಂದು ಎಪಿಸೋಡ್ ಕೊಡ್ಬೇಕು, ಬಜೆಟ್ ಇಷ್ಟೇ. ಹಾಗಾಗಿ ಹಣೆ ಮೇಲೆ ನಾಲ್ಕು ಗೆರೆ, ಮೂಗಿನ ಮೇಲೆ ಒಂದು ಉಬ್ಬು, ಮುಗೀತು, ಹೊಸ ಜನಾಂಗ. ಇದಕ್ಕೆ ಕಥೆಯೊಳಗೇ ಒಂದು ಕಾರಣ ಕೊಡ್ಬೇಕಲ್ಲ ಅಂತ 1993ರಲ್ಲಿ ಒಂದು ಎಪಿಸೋಡ್ ಮಾಡಿದ್ರು. ಕೋಟ್ಯಂತರ ವರ್ಷದ ಹಿಂದೆ ಒಂದು ಪುರಾತನ ಜನಾಂಗ ಗ್ರಹ ಗ್ರಹಕ್ಕೂ ತನ್ನ ಬೀಜ ಬಿತ್ತಿತ್ತಂತೆ, ಅದಕ್ಕೇ ಎಲ್ಲರಿಗೂ ಎರಡು ಕೈ ಎರಡು ಕಾಲಂತೆ. ಬಜೆಟ್ ಸಮಸ್ಯೆಗೆ ಪುರಾಣ ಬರೆಯೋದು ಅಂದ್ರೆ ಇದು.

ಆದ್ರೆ ದುಡ್ಡಿನ ಉತ್ತರ ಅರ್ಧ ದಾರಿಗೇ ನಿಂತುಬಿಡುತ್ತೆ. ಹಡಗಿಗೆ ಟೆಲ್ಲರೈಟ್ ಭಾಷೆಯ ಹೆಸರಿಡೋಕೆ ಒಂದು ರೂಪಾಯಿನೂ ಖರ್ಚಾಗಲ್ಲ. ಹೆಡ್ ಆಫೀಸ್ ವಲ್ಕನ್ ಗ್ರಹದಲ್ಲಿದೆ ಅಂತ ಒಂದು ಡೈಲಾಗ್ ಹಾಕೋದೂ ಪುಕ್ಕಟೆ. ಅದನ್ನೂ ಮಾಡ್ಲಿಲ್ಲ. ಹಾಗಾದ್ರೆ ವಿಷಯ ಮೇಕಪ್ ರೂಮಿನದ್ದಲ್ಲ.

ಇನ್ನೊಂದು ಉತ್ತರ, ನೋಡೋರು ಮನುಷ್ಯರು, ಅವರಿಗೆ ತಮ್ಮ ಥರದ ಮುಖ ಬೇಕು ಅನ್ನೋದು. ಎನ್‌ಬಿಸಿಯವರೂ ಹೀಗೇ ಅಂದುಕೊಂಡಿದ್ರು. ಸ್ಪಾಕ್‌ನ ಚೂಪು ಕಿವಿ ನೋಡಿ ಅವರಿಗೆ ಎಷ್ಟು ಭಯ ಆಗಿತ್ತಂದ್ರೆ, ಪ್ರಚಾರದ ಪುಸ್ತಿಕೆಯ ಫೋಟೋದಲ್ಲಿ ಆ ಕಿವಿ ಚೂಪನ್ನೇ ತಿದ್ದಿ ಅಳಿಸಿಬಿಟ್ಟಿದ್ರು. ಆಮೇಲೆ ಏನಾಯ್ತು? ಜನ ಅತಿ ಹೆಚ್ಚು ಹಚ್ಚಿಕೊಂಡಿದ್ದು ಅದೇ ಚೂಪು ಕಿವಿಯವನನ್ನ. ನೋಡೋರನ್ನ ಕಮ್ಮಿ ಅಂದಾಜು ಮಾಡೋದು ಟಿವಿಯವರ ಹಳೇ ಚಾಳಿ.

ಹಾಗಾದ್ರೆ ಇದು ಎಲ್ಲಿಂದ ಬಂತು? ಸ್ಟಾರ್ ಟ್ರೆಕ್‌ಗಿಂತ 26 ವರ್ಷ ಹಿಂದಕ್ಕೆ ಹೋಗೋಣ. 1940. ಐಸಾಕ್ ಅಸಿಮೋವ್‌ಗೆ ಆಗ ಇಪ್ಪತ್ತರ ವಯಸ್ಸು. 'ಹೋಮೋ ಸೋಲ್' ಅಂತ ಒಂದು ಕಥೆ ಬರೀತಾರೆ. ಭೂಮಿಯವರು ನಕ್ಷತ್ರಗಳ ನಡುವೆ ಓಡಾಡೋ ತಂತ್ರ ಕಂಡುಹಿಡಿದಿದಾರೆ, ಗ್ಯಾಲಕ್ಸಿಯ ಒಕ್ಕೂಟದವರು ಬಂದು "ಬನ್ನಿ, ಸದಸ್ಯರಾಗಿ" ಅಂತ ಕರೀತಾರೆ. ನಮ್ಮ ಇವತ್ತಿನ ವಿಷಯನೇ. ಕಥೆ ಹೋಗಿದ್ದು ಅಸ್ಟೌಂಡಿಂಗ್ ಪತ್ರಿಕೆಗೆ, ಸಂಪಾದಕ ಜಾನ್ ಡಬ್ಲ್ಯೂ. ಕ್ಯಾಂಪ್‌ಬೆಲ್ ಹತ್ರ. ಆ ಕಾಲದಲ್ಲಿ ಇಂಗ್ಲಿಷ್ ಸೈನ್ಸ್ ಫಿಕ್ಷನ್ ಅಂದ್ರೆ ಹೆಚ್ಚುಕಮ್ಮಿ ಕ್ಯಾಂಪ್‌ಬೆಲ್ ಹೇಳಿದ್ದೇ. ಅವರಿಗೊಂದು ಹಟ ಇತ್ತು: ಬೇರೆ ಗ್ರಹದವರು ಕಥೇಲಿ ಬರ್ಲಿ, ಆದ್ರೆ ಕೊನೆಗೆ ಮನುಷ್ಯನೇ ಮೇಲು ಅಂತ ಕಾಣ್ಬೇಕು. ಈ ಕಥೆ ಅವರಿಗೆ ಇಷ್ಟ ಆಗಿದ್ದೂ ಅದಕ್ಕೇ.

ಅಸಿಮೋವ್‌ಗೆ ಇದು ಹಿಡಿಸಲಿಲ್ಲ. ಅವರು ರಷ್ಯಾದಲ್ಲಿ ಹುಟ್ಟಿ, ಚಿಕ್ಕ ಮಗುವಾಗಿದ್ದಾಗ ಅಮೆರಿಕಕ್ಕೆ ಬಂದ ಯಹೂದಿ ಕುಟುಂಬದವರು. ಯುರೋಪಿನಲ್ಲಿ ಹಿಟ್ಲರ್ "ನಮ್ಮ ರಕ್ತ ಮೇಲು" ಅಂತ ದೇಶ ದೇಶಗಳನ್ನೇ ನುಂಗ್ತಾ ಇದ್ದ ಹೊತ್ತು. ಗ್ಯಾಲಕ್ಸಿ ಮಟ್ಟದಲ್ಲಿ ಅದೇ ರಾಗ ಹಾಡೋಕೆ ಅವರಿಗೆ ಮನಸ್ಸಾಗಲಿಲ್ಲ. ಸಂಪಾದಕರ ಜೊತೆ ಜಗಳಾನೂ ಬೇಡ. ಕಂಡುಕೊಂಡ ದಾರಿ ಏನು ಗೊತ್ತಾ? ಏಲಿಯನ್‌ಗಳನ್ನೇ ತೆಗೆದುಹಾಕಿದ್ರು. 1942ರಿಂದ ಬಂದ 'ಫೌಂಡೇಷನ್' ಕಥೆಗಳಲ್ಲಿ ಲಕ್ಷಾಂತರ ಗ್ರಹಗಳಿವೆ, ಒಬ್ಬನೇ ಒಬ್ಬ ಏಲಿಯನ್ ಇಲ್ಲ. ಇದನ್ನ ಅವರೇ ಮುಂದೆ ಬರೆದುಕೊಂಡಿದಾರೆ. ಅಂದ್ರೆ ನಾವು "ಆಹಾ, ಎಂಥಾ ದೊಡ್ಡ ಕಲ್ಪನೆ" ಅಂತ ಬೆರಗಾಗೋ ಆ ಮನುಷ್ಯರ ಗ್ಯಾಲಕ್ಸಿ ಇದೆಯಲ್ಲ, ಅದು ಒಬ್ಬ ಯುವ ಲೇಖಕ ಸಂಪಾದಕರ ಕಣ್ಣು ತಪ್ಪಿಸಿ ಮಾಡ್ಕೊಂಡ ಹೊಂದಾಣಿಕೆ.

ಇದು ಬರೀ ಕಥೆಯೊಳಗಿನ ರಾಜಕೀಯ ಅಂದ್ಕೋಬೇಡಿ. ಸುಮಾರು ಕಾಲು ಶತಮಾನ ಆದ್ಮೇಲೆ ಸ್ಯಾಮುಯೆಲ್ ಡಿಲೇನಿ ಅನ್ನೋ ಕಪ್ಪು ಲೇಖಕರ 'ನೋವಾ' ಕಾದಂಬರಿ ಅದೇ ಕ್ಯಾಂಪ್‌ಬೆಲ್ ಟೇಬಲ್‌ಗೆ ಹೋಯ್ತು. ಡಿಲೇನಿ ಬರೆದುಕೊಂಡಿರೋ ಪ್ರಕಾರ, ಕೃತಿ ಇಷ್ಟ ಆಯ್ತು, ಆದ್ರೆ ಕಪ್ಪು ನಾಯಕನನ್ನ ನಮ್ಮ ಓದುಗರು ಒಪ್ಪಲ್ಲ ಅಂತ ವಾಪಸ್ ಬಂತು. ನೋಡಿ, ಅದೇ ವಾದ. "ಓದುಗರಿಗೆ ತಮ್ಮ ಥರದ ಮುಖ ಬೇಕು." ಏಲಿಯನ್‌ಗೆ ಹೇಳಿದ ಮಾತು ಮನುಷ್ಯನಿಗೂ ಹೇಳ್ತಾರೆ, ಅಳತೆಗೋಲು ಮಾತ್ರ ಇನ್ನೂ ಚಿಕ್ಕದು. 2019ರಲ್ಲಿ ಕ್ಯಾಂಪ್‌ಬೆಲ್ ಹೆಸರಿನಲ್ಲಿದ್ದ ಹೊಸ ಲೇಖಕರ ಪ್ರಶಸ್ತಿಯ ಹೆಸರನ್ನೇ ಬದಲಾಯಿಸಿದ್ರು.

ಸರಿ, ಸ್ಟಾರ್ ಟ್ರೆಕ್‌ಗೆ ವಾಪಸ್ ಬರೋಣ. 1967ರ ಒಂದು ಎಪಿಸೋಡ್ ಇದೆ, ನನಗೆ ತುಂಬಾ ಇಷ್ಟ: 'ದ ಡೆವಿಲ್ ಇನ್ ದ ಡಾರ್ಕ್'. ಜೇನಸ್ ಸಿಕ್ಸ್ ಅನ್ನೋ ಗ್ರಹದಲ್ಲಿ ಗಣಿ. ಗಣಿ ಕೆಲಸದವರನ್ನ ಯಾವುದೋ ಜೀವಿ ಕೊಲ್ತಾ ಇದೆ. ಹೆಸರು ಹಾರ್ಟಾ. ನಮ್ಮ ಹಾಗೆ ಕಾರ್ಬನ್ ಅಲ್ಲ, ಸಿಲಿಕಾನ್‌ನ ಜೀವಿ. ನೋಡೋಕೆ ತೆವಳೋ ಬಂಡೆ ಥರ, ಕಲ್ಲಿನೊಳಗೇ ಸುರಂಗ ಕೊರ್ಕೊಂಡು ಓಡಾಡುತ್ತೆ. ಸ್ಪಾಕ್ ಅದರ ಮನಸ್ಸಿನ ಜೊತೆ ತನ್ನ ಮನಸ್ಸು ಬೆಸೆದಾಗ ಗೊತ್ತಾಗುತ್ತೆ: ಗಣಿಯವರು ಕಲ್ಲುಗುಂಡು ಅಂದ್ಕೊಂಡು ಒಡೆದುಹಾಕ್ತಿದ್ದದ್ದು ಅದರ ಮೊಟ್ಟೆಗಳು. ಅದು ತಾಯಿ. ತನ್ನ ಮಕ್ಕಳನ್ನ ಕಾಪಾಡ್ತಾ ಇತ್ತು ಅಷ್ಟೇ. ಮೊದಲ ಸಲ ನೋಡಿದಾಗ ಗಂಟಲು ಕಟ್ಟಿತ್ತು, ಸುಳ್ಳು ಹೇಳಲ್ಲ.

ಆದ್ರೆ ಬಿ.ಕಾಂ ಓದಿದ ತಲೆ ಸುಮ್ನಿರಲ್ಲವಲ್ಲ. ಕೊನೆಯ ಒಪ್ಪಂದ ನೋಡಿ. ಹಾರ್ಟಾ ಮರಿಗಳು ಸುರಂಗ ಕೊರೀತಾವೆ, ಅದು ಅವುಗಳ ಸ್ವಭಾವ. ಸುರಂಗದಲ್ಲಿ ಸಿಗೋ ಲೋಹ ಮನುಷ್ಯರು ತಗೋತಾರೆ. ಲಾಭ ಹಿಂದೆಂದಿಗಿಂತ ಜಾಸ್ತಿ. ಎಲ್ಲರಿಗೂ ಖುಷಿ, ನಗು, ಎಪಿಸೋಡ್ ಮುಗೀತು. ಸ್ವಲ್ಪ ತಡೀರಿ. ಗ್ರಹ ಯಾರದ್ದು? ಹಾರ್ಟಾದ್ದು. ದುಡಿಯೋದು ಯಾರು? ಹಾರ್ಟಾ ಮರಿಗಳು. ಲಾಭ ಯಾರಿಗೆ? ಒಪ್ಪಂದಕ್ಕೆ ಹಾರ್ಟಾ ಪರವಾಗಿ "ಹೂಂ" ಅಂದಿದ್ದೂ ಸ್ಟಾರ್‌ಫ್ಲೀಟ್ ಅಧಿಕಾರಿ ಸ್ಪಾಕ್ ಬಾಯಿಂದ. ಸತ್ತ ಮೊಟ್ಟೆಗಳಿಗೆ ಪರಿಹಾರದ ಮಾತೇ ಇಲ್ಲ. ಒಕ್ಕೂಟಕ್ಕೆ ಕೆಟ್ಟ ಉದ್ದೇಶ ಇತ್ತು ಅಂತ ನಾನು ಹೇಳ್ತಿಲ್ಲ. ಒಳ್ಳೇ ಉದ್ದೇಶ ಇಟ್ಕೊಂಡೇ ಇಂಥ ಒಪ್ಪಂದ ಬರೀಬಹುದು, ಬರೆದವರಿಗೆ ಅದು ಅನ್ಯಾಯ ಅಂತ ಅನ್ನಿಸೋದೂ ಇಲ್ಲ. ನನಗೆ ಕಾಡೋದು ಅದೇ.

ಸ್ಟಾರ್ ಟ್ರೆಕ್ ಬರೆಯೋರಿಗೂ ಇದು ಗೊತ್ತಿತ್ತು, ತಡವಾಗಿಯಾದ್ರೂ. 1991ರ ಆರನೇ ಸಿನಿಮಾದಲ್ಲಿ ಶತ್ರುಗಳಾಗಿದ್ದ ಕ್ಲಿಂಗಾನ್‌ಗಳು ಎಂಟರ್‌ಪ್ರೈಸ್‌ನಲ್ಲಿ ರಾತ್ರಿ ಊಟಕ್ಕೆ ಬರ್ತಾರೆ. ಮಾತಿನ ಮಧ್ಯೆ ಒಬ್ಬ ಮಾನವ ಹಕ್ಕುಗಳ ಬಗ್ಗೆ ಭಾಷಣ ಶುರು ಮಾಡ್ತಾನೆ. ಆಗ ಕ್ಲಿಂಗಾನ್ ಚಾನ್ಸಲರ್ ಮಗಳು ಅಜೆಟ್‌ಬರ್ ಅಲ್ಲೇ ಹಿಡೀತಾಳೆ: ಆ ಪದದಲ್ಲೇ ಭೇದ ಇದೆ, ನಿಮ್ಮ ಒಕ್ಕೂಟ ಮನುಷ್ಯರ ಕ್ಲಬ್ಬು ಅಷ್ಟೇ ಅಂತ. ಮೇಜಿನ ಸುತ್ತ ಮೌನ. ಎಂಟರ್‌ಪ್ರೈಸ್ ಕಡೆಯಿಂದ ಕೂತಿರೋರಲ್ಲಿ ಮನುಷ್ಯನಲ್ಲದವನು ಸ್ಪಾಕ್ ಒಬ್ಬನೇ, ಅವನೂ ತಾಯಿ ಕಡೆಯಿಂದ ಅರ್ಧ ಮನುಷ್ಯ. 'ಮಾನವ ಹಕ್ಕು' ಅಂತ ನಾವು ದಿನಾ ಹೇಳ್ತೀವಿ. ಹೇಳುವಾಗ ಆ 'ಮಾನವ' ಯಾರನ್ನ ಹೊರಗಿಡುತ್ತೆ ಅಂತ ಯೋಚಿಸೋ ಪ್ರಸಂಗ ನಮಗೆ ಬಂದಿಲ್ಲ.

1995ರ ಡೀಪ್ ಸ್ಪೇಸ್ ನೈನ್ ಇನ್ನೂ ಮೆತ್ತಗೆ ಚುಚ್ಚುತ್ತೆ. ಬಾರ್ ನಡೆಸೋ ಕ್ವಾರ್ಕ್, ಟೈಲರ್ ಗ್ಯಾರಕ್, ಇಬ್ಬರೂ ಒಕ್ಕೂಟದ ಹೊರಗಿನವರು. ಮಧ್ಯೆ ಒಂದು ಲೋಟ ರೂಟ್ ಬಿಯರ್, ಅದು ಅಮೆರಿಕದವರ ಒಂಥರಾ ಸಿಹಿ ಸೋಡಾ. ಕುಡಿದ ಗ್ಯಾರಕ್ ಮುಖ ಕಿವುಚ್ತಾನೆ. ಇಬ್ಬರೂ ಸೇರಿ ಇದು ಥೇಟ್ ಫೆಡರೇಷನ್ ಥರಾನೇ ಅಂತ ತೀರ್ಮಾನ ಮಾಡ್ತಾರೆ: ಅತಿ ಸಿಹಿ, ಕುಡೀತಾ ಕುಡೀತಾ ಇಷ್ಟ ಆಗಿಬಿಡೋ ಅಪಾಯ ಬೇರೆ. ಅಷ್ಟು ಬೈದು ಆಮೇಲೆ, ನಮ್ಮನ್ನ ಕಾಪಾಡೋಕೆ ಅವರಿಂದ ಆಗುತ್ತಾ ಅಂತ ಆಸೆ ಪಡೋದೂ ಅವರೇ. ಯಾರೂ ಬಂದೂಕು ತೋರಿಸಿಲ್ಲ, ಬಲವಂತ ಮಾಡಿಲ್ಲ. ಆದ್ರೂ ಬೇರೆ ಪಾನೀಯದ ಬೇಡಿಕೆ ಕಮ್ಮಿ ಆಗ್ತಾ ಹೋಗುತ್ತೆ.

ಸ್ಟಾರ್ ವಾರ್ಸ್ ಬಗ್ಗೆ ಜಾಸ್ತಿ ಹೇಳಲ್ಲ, ಒಂದೇ ವಿಷಯ. 1977ರ ಸಿನಿಮಾದ ಕೊನೇಲಿ ಲ್ಯೂಕ್‌ಗೆ, ಹಾನ್‌ಗೆ ಪದಕ ಸಿಗುತ್ತೆ, ಪಕ್ಕದಲ್ಲೇ ನಿಂತ ಚ್ಯೂಬಾಕಾಗೆ ಇಲ್ಲ. ಅವನ ಕೈಗೆ ಪದಕ ಬಂದಿದ್ದು 2019ರ ಸಿನಿಮಾದಲ್ಲಿ. 42 ವರ್ಷ! ನಮ್ಮ ಪಿಂಚಣಿ ಫೈಲ್‌ಗಳೇ ವಾಸಿ.

ಮನುಷ್ಯರನ್ನ ಸಣ್ಣವರಾಗಿ ತೋರಿಸೋ ಕಥೆಗಳೂ ಇವೆ. ಗೇಮ್ ಆಡೋರಿಗೆ 2007ರ ಮಾಸ್ ಎಫೆಕ್ಟ್ ಗೊತ್ತಿರುತ್ತೆ. ಅಲ್ಲಿ ಸಿಟಡೆಲ್ ಕೌನ್ಸಿಲ್ ಇದೆ, ಮೂರು ಜನಾಂಗಕ್ಕೆ ಮಾತ್ರ ಕುರ್ಚಿ: ಅಸಾರಿ, ಸಲೇರಿಯನ್, ಟ್ಯೂರಿಯನ್. ಮನುಷ್ಯರು ನಿನ್ನೆ ಮೊನ್ನೆ ಬಂದವರು. ಆದ್ರೆ ನನ್ನ ಮನಸ್ಸು ಹೋಗೋದು ವೋಲಸ್ ಅನ್ನೋ ಕುಳ್ಳರ ಕಡೆಗೆ. ಗ್ಯಾಲಕ್ಸಿಯ ಬ್ಯಾಂಕಿಂಗ್ ಕಾನೂನು ಬರೆದುಕೊಟ್ಟವರು ಅವರು. ಸಿಟಡೆಲ್‌ಗೆ ಬಂದು ಎರಡು ಸಾವಿರಕ್ಕೂ ಹೆಚ್ಚು ವರ್ಷ ಆಗಿದೆ. ಕುರ್ಚಿ ಇಲ್ಲ. ರಾಯಭಾರಿಗೆ ಸ್ವಂತ ಆಫೀಸೂ ಇಲ್ಲ, ಎಲ್ಕಾರ್ ಜನಾಂಗದ ರಾಯಭಾರಿ ಜೊತೆ ಹಂಚ್ಕೋಬೇಕು. ಅವರಿಗಿಂತ ಎಷ್ಟೋ ಶತಮಾನ ತಡವಾಗಿ ಬಂದ ಟ್ಯೂರಿಯನ್‌ಗಳು ಯುದ್ಧ ಗೆದ್ದುಕೊಟ್ಟು ಕುರ್ಚಿ ತಗೊಂಡ್ರು. ಮನುಷ್ಯರೂ ಮೊದಲ ಗೇಮ್ ಮುಗಿಯೋ ಹೊತ್ತಿಗೆ, ಮೂವತ್ತು ವರ್ಷದೊಳಗೆ, ಹಡಗು ಸೈನ್ಯ ತೋರಿಸಿ ಕುರ್ಚಿ ಗಿಟ್ಟಿಸ್ತಾರೆ. ಲೆಕ್ಕ ಬರೆದವರು ಈಗಲೂ ಬಾಗಿಲಲ್ಲೇ.

ಇದು ಬರೀ ಗೇಮ್ ಅಲ್ಲ ಅನ್ನೋಕೆ ಐಎಂಎಫ್ ನೋಡಿ. ಸುಮಾರು 190 ದೇಶ ಸದಸ್ಯರು. ದೊಡ್ಡ ತೀರ್ಮಾನಗಳಿಗೆ 85% ಮತ ಬೇಕು, ಅಮೆರಿಕ ಒಂದರದ್ದೇ 16%ಗಿಂತ ಹೆಚ್ಚು. ಗುಣಾಕಾರ ಭಾಗಾಕಾರ ಬೇಡ, ಒಂದು ಕಳೆಯೋ ಲೆಕ್ಕ ಸಾಕು. ಸದಸ್ಯತ್ವ ಬೇರೆ, ಮತದ ತೂಕ ಬೇರೆ. ಸ್ಟಾರ್ ಟ್ರೆಕ್‌ನಲ್ಲಿ ಏಲಿಯನ್‌ಗಳು ಅಧ್ಯಕ್ಷರೂ ಆಗಿದಾರೆ, ಗೊತ್ತಾ? 1991ರ ಸಿನಿಮಾದಲ್ಲೂ ಅಧ್ಯಕ್ಷ ಮನುಷ್ಯನಲ್ಲ. ಅಧ್ಯಕ್ಷಗಿರಿ ಕೊಟ್ರು, ಕಥೆ ಕೊಡ್ಲಿಲ್ಲ.

ಬೆಕಿ ಚೇಂಬರ್ಸ್ 2014ರಲ್ಲಿ ತಾವೇ ಪ್ರಕಟಿಸಿದ 'ದ ಲಾಂಗ್ ವೇ ಟು ಎ ಸ್ಮಾಲ್ ಆಂಗ್ರಿ ಪ್ಲಾನೆಟ್'ನಲ್ಲಿ ಮನುಷ್ಯರು ತಮ್ಮ ಗ್ರಹ ಹಾಳು ಮಾಡ್ಕೊಂಡು ನಿರಾಶ್ರಿತರಾಗಿ ಬಂದ, ಯಾರೂ ಅಷ್ಟಾಗಿ ಲೆಕ್ಕಕ್ಕಿಡದ ಜನ. ಓದೋಕೆ ಹಾಯಾಗಿದೆ, ಖಂಡಿತ ಓದಿ. ಆದ್ರೆ ಗಮನಿಸಿ, ಅಲ್ಲೂ ಹಡಗಿನ ಕ್ಯಾಪ್ಟನ್ ಆಶ್ಬಿ ಮನುಷ್ಯನೇ! ಈ ಕುರ್ಚಿ ಬಿಟ್ಟು ಏಳೋದು ಅಷ್ಟು ಸುಲಭ ಅಲ್ಲ ಅಂತ ಕಾಣುತ್ತೆ.

ಇನ್ನು ಭಾಷೆ. ಸ್ಟಾರ್ ಟ್ರೆಕ್‌ನಲ್ಲಿ ಯೂನಿವರ್ಸಲ್ ಟ್ರಾನ್ಸ್‌ಲೇಟರ್ ಅಂತ ಯಂತ್ರ ಇದೆ, ಯಾರು ಏನೇ ಮಾತಾಡ್ಲಿ ನಮಗೆ ಇಂಗ್ಲಿಷಲ್ಲೇ ಕೇಳುತ್ತೆ. ಕನ್ನಡದಲ್ಲಿ ಪಾಡ್‌ಕಾಸ್ಟ್ ಮಾಡೋ ನನಗೆ ಇದನ್ನ ನೋಡ್ದಾಗೆಲ್ಲ ಒಂಥರಾ ಅನ್ಸುತ್ತೆ. ಎಲ್ಲರೂ ನಿಮ್ಮ ಭಾಷೆಗೆ ಬಂದು ನಿಂತಾಗ, ನೀವು ಎಲ್ಲಿಗೂ ಹೋಗೋ ಕಷ್ಟನೇ ಇಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಮಾಡಿದವರು ಜೇಮ್ಸ್ ವೈಟ್, ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನವರು. 1957ರಿಂದ 'ಸೆಕ್ಟರ್ ಜನರಲ್' ಅನ್ನೋ ಕಥೆಗಳನ್ನ ಬರೆದ್ರು. ಯುದ್ಧ ನೌಕೆ ಅಲ್ಲ, ಆಸ್ಪತ್ರೆ. ಬಾಹ್ಯಾಕಾಶದಲ್ಲಿ 384 ಮಹಡಿ. ಒಂದೊಂದು ವಾರ್ಡ್‌ಗೆ ಒಂದೊಂದು ಥರ ಗಾಳಿ, ಒಂದೊಂದು ಗುರುತ್ವ: ನೀರಲ್ಲಿರೋರಿಗೆ ನೀರು, ಕ್ಲೋರಿನ್ ಉಸಿರಾಡೋರಿಗೆ ಕ್ಲೋರಿನ್. ಪ್ರತಿ ಜೀವಿಗೂ ನಾಲ್ಕು ಅಕ್ಷರದ ಕೋಡ್, ಮನುಷ್ಯರದ್ದು ಡಿಬಿಡಿಜಿ. ಅದೂ ನಮಗೊಬ್ಬರಿಗೇ ಅಲ್ಲ, ಟೆಡ್ಡಿ ಬೇರ್ ಥರ ಇರೋ ನಿಡಿಯನ್‌ಗಳಿಗೂ ಅದೇ ಕೋಡ್. ನಾಯಕ ಡಾ. ಕಾನ್ವೇ ಮನುಷ್ಯನೇ, ಒಪ್ತೀನಿ. ಆದ್ರೆ ಅವನು ಬೇರೆ ಜನಾಂಗದ ರೋಗಿಯನ್ನ ಮುಟ್ಟೋ ಮುಂಚೆ, ಅದೇ ಜನಾಂಗದ ದೊಡ್ಡ ವೈದ್ಯರೊಬ್ಬರ ನೆನಪುಗಳ ಟೇಪನ್ನ ತನ್ನ ತಲೆಗೆ ತುಂಬಿಸ್ಕೋಬೇಕು. ವೈದ್ಯಜ್ಞಾನ ಒಂದೇ ಬರಲ್ಲ, ಇಡೀ ವ್ಯಕ್ತಿನೇ ಬರ್ತಾರೆ: ಅವರ ಭಯ, ಅವರ ಕೋಪ, ಅವರ ರುಚಿ. ಚಿಕಿತ್ಸೆ ಮುಗಿಸಿ ಹಸಿವಾಗಿ ಕ್ಯಾಂಟೀನ್‌ಗೆ ಹೋಗಿ ಕೂತ್ರೆ, ಮುಂದಿರೋ ತನ್ನದೇ ಊಟ ನೋಡಿ ಅವನಿಗೆ ವಾಕರಿಕೆ ಬರುತ್ತೆ.